ಹದಿಮೂರು ಸಂಸದರು ಮತ್ತು ಅಜ್ಜಿಯ ಟ್ರಂಕು

ಚಿತ್ರದುರ್ಗದ ಓದುಗರೊಬ್ಬರ ಪತ್ರ: “1969ರ ರಾಷ್ಟ್ರಪತಿ ಚುನಾವಣೆಯಲ್ಲಿ ವಿ.ವಿ. ಗಿರಿಯವರ ಬದಲು ನೀಲಂ ಸಂಜೀವ ರೆಡ್ಡಿ ಗೆದ್ದಿದ್ದರೆ ಕಾಂಗ್ರೆಸ್ ಒಡೆಯುತ್ತಿರಲಿಲ್ಲ, ತುರ್ತು ಪರಿಸ್ಥಿತಿ ಬರುತ್ತಿರಲಿಲ್ಲ, ನಮ್ಮ ನಿಜಲಿಂಗಪ್ಪನವರಿಗೆ ಅವಮಾನವೂ ಆಗುತ್ತಿರಲಿಲ್ಲ. ಏನೆನ್ನುತ್ತೀರಿ?”

ಸಂಪಾದಕರ ಉತ್ತರ: ಇಂಥ ಪತ್ರ ಬಂದ ದಿನ ನನಗೆ ಊಟ ರುಚಿಸುತ್ತದೆ. 2000ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಅಲ್ ಗೋರ್ ಫ್ಲೋರಿಡಾವನ್ನು 537 ಮತಗಳಿಂದ ಕಳೆದುಕೊಂಡದ್ದು ನಮ್ಮ ಹುಡುಗರಿಗೆ ಬಾಯಿಪಾಠ. ಲಾಲ್‌ಬಾಗಿನ ಗಾಜಿನ ಮನೆಗೆ ಫಲಪುಷ್ಪ ಪ್ರದರ್ಶನಕ್ಕೆಂದು ನುಗ್ಗುವವರಿಗೆ ಮಾತ್ರ, 1969ರ ಜುಲೈನಲ್ಲಿ ಅಲ್ಲಿ ಸೇರಿದ್ದ ಕಾಂಗ್ರೆಸ್ಸಿಗರ ಜಗಳದಿಂದಲೇ ಆ ಪಕ್ಷ ಬಿರುಕು ಬಿಟ್ಟಿತೆಂಬುದು ಗೊತ್ತಿಲ್ಲ. ತಿಳಿಸುವ ಒಂದು ಫಲಕವನ್ನಾದರೂ ನಾನು ಅಲ್ಲಿ ಕಂಡಿಲ್ಲ.

ಅಂತಿಮ ಎಣಿಕೆಯಲ್ಲಿ ಗಿರಿ 4,20,077, ರೆಡ್ಡಿ 4,05,427. ಅಂತರ 14,650. ಇದು ತಲೆಯ ಲೆಕ್ಕವಲ್ಲ, ಮತಮೌಲ್ಯದ ಲೆಕ್ಕ. ಒಬ್ಬ ಸಂಸದರ ಮತಕ್ಕೆ ಆಗ 576ರ ಬೆಲೆ; ಒಬ್ಬರು ಈ ಕಡೆಯಿಂದ ಆ ಕಡೆಗೆ ಹೋದರೆ ಅಂತರ ಅದರ ಎರಡರಷ್ಟು, 1,152 ಕುಗ್ಗುತ್ತದೆ. ಗಿರಿಯವರ ಕಡೆಗೆ ವಾಲಿದವರಲ್ಲಿ ಹದಿಮೂರೇ ಸಂಸದರು ‘ಆತ್ಮಸಾಕ್ಷಿ’ಯಂತೆ ಮತ ಹಾಕಿ ಎಂಬ ಪ್ರಧಾನಿ ಇಂದಿರಾ ಅವರ ಕರೆಗೆ ಕಿವುಡಾಗಿ ಪಕ್ಷದ ಅಧಿಕೃತ ಅಭ್ಯರ್ಥಿ ರೆಡ್ಡಿಯವರಿಗೆ ಮತ ಹಾಕಿದ್ದರೆ ನಿಮ್ಮ ಆಸೆ ಈಡೇರುತ್ತಿತ್ತು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ ಇಂದಿರಾ ಅವರ ಕೈಯೇ ಅವರನ್ನು ಸೋಲಿಸಿತು. ಪಕ್ಷದ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ನೊಂದುಕೊಂಡದ್ದು ನ್ಯಾಯವೇ. ಒಪ್ಪಿದೆ.

ಆದರೆ ಗೆದ್ದ ರಾಷ್ಟ್ರಪತಿಯ ಅವಧಿ ಐದೇ ವರ್ಷ, ಸ್ವಾಮಿ! ರೆಡ್ಡಿ 1974ರ ಆಗಸ್ಟಿಗೆ ಗಂಟುಮೂಟೆ ಕಟ್ಟುತ್ತಿದ್ದರು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿಗೆ ಸಹಿ ಹಾಕಿದವರು ಫಕ್ರುದ್ದೀನ್ ಅಲಿ ಅಹ್ಮದ್. ಇಷ್ಟು ಓದಿಕೊಂಡ ನೀವು ಈ ಲೆಕ್ಕ ತಪ್ಪಬಾರದಿತ್ತು. ರೆಡ್ಡಿಯವರಿಗಾಗಿ ಮರುಗುವುದೂ ಬೇಡ. 1977ರಲ್ಲಿ ಅವಿರೋಧವಾಗಿ ಅದೇ ಭವನ ಹೊಕ್ಕು, 1980ರಲ್ಲಿ ಇಂದಿರಾ ಅವರಿಗೇ ಪ್ರಮಾಣವಚನ ಬೋಧಿಸಿದರು.

ಪಕ್ಷವೇ ಒಡೆಯದಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತು ಎನ್ನುತ್ತೀರಿ. ಸರಿ, ಆಗ ಉಳಿದದ್ದನ್ನೂ ಬಿಟ್ಟುಕೊಡಿ. ಒಡೆಯದ ಕಾಂಗ್ರೆಸ್ಸಿನಲ್ಲಿ ಮೂಲೆಗುಂಪಾಗಿದ್ದ ದೇವರಾಜ ಅರಸರನ್ನು ಯಾರು ಕರೆಯುತ್ತಿದ್ದರು? 1971ರಲ್ಲಿ ಇಲ್ಲಿನ 27ಕ್ಕೆ 27 ಲೋಕಸಭಾ ಸ್ಥಾನ ಇಂದಿರಾ ಬಣಕ್ಕೆ ಬಂದು, ಮರುವರ್ಷ ಅರಸು ಮುಖ್ಯಮಂತ್ರಿಯಾದರು. ಹಿಂದುಳಿದ ವರ್ಗಗಳ ಹಾವನೂರ್ ಆಯೋಗ ಬಂತು. 1974ರ ಮಾರ್ಚ್ 1ರಿಂದ ಗೇಣಿ ರದ್ದಾಯಿತು.

ನನ್ನ ಅಜ್ಜಿ ಕರಾವಳಿಯ ಒಕ್ಕಲು. ವರ್ಷವರ್ಷವೂ ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿಗಳನ್ನು ಧಣಿಗಳ ಅಂಗಳಕ್ಕೆ ಹೊರಿಸಿ, ಮುಡಿ ಬಿಗಿಯಾಗಿಲ್ಲವೆಂದು ಬೈಸಿಕೊಂಡು ಬರುತ್ತಿದ್ದರು. ಗೇಣಿಯ ಭೂಮಿ ತನಗೆ ಸೇರಬೇಕೆಂದು ಕೇಳುವ ‘ಡಿಕ್ಲರೇಶನ್’ (ಫಾರಂ 7ರ ಅರ್ಜಿ) ಕೊಡಬೇಡವೆಂದು ಹೆದರಿಸಿದವರು ಹಲವರು. ಕೊಟ್ಟರು. ಅವರು ತೀರಿಕೊಂಡ ಮೇಲೆ ತಗಡಿನ ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ ಫಾರಂ 7ರ ಸ್ವೀಕೃತಿ ಚೀಟಿ ಸಿಕ್ಕಿತು. ನಾಲ್ಕು ಮಡಿಕೆ, ಅಂಚಿಗೆ ಜಿರಳೆ ತಿಂದ ಗುರುತು. ಧಣಿಗಳ ಮನೆಯವರಿಗೂ ಕಷ್ಟಗಳಿದ್ದವು, ಇಲ್ಲವೆನ್ನುವುದಿಲ್ಲ.

ನಮ್ಮವರ ‘ಹೀಗಾಗಿದ್ದರೆ’ ಕಥೆಗಳೆಲ್ಲ ರಾಷ್ಟ್ರಪತಿ ಭವನವಿರುವ ರೈಸಿನಾ ಗುಡ್ಡದ ಮೇಲೇ ಹುಟ್ಟಿ ಅಲ್ಲೇ ಮುಗಿಯುತ್ತವೆ. ಟಿವಿ ಚರ್ಚೆಗಳಂತೂ ಕುರ್ಚಿ ಎಣಿಸುವುದರಲ್ಲೇ ತೃಪ್ತ. ನಿಮ್ಮ ತಾಲ್ಲೂಕಿನಲ್ಲಿ ಫಾರಂ 7 ಕೊಟ್ಟವರು ಇನ್ನೂ ಯಾರಾದರೂ ಬದುಕಿದ್ದರೆ ಹೋಗಿ ಮಾತನಾಡಿಸಿ, ಬರೆದು ಕಳುಹಿಸಿ. ಈ ಸಂಚಿಕೆಯ ಎರಡರಷ್ಟು ಜಾಗ ಕೊಡುತ್ತೇನೆ.