20% ರಿಯಾಯಿತಿ ಕೊಟ್ಟು ಮೆಡಿಕಲ್ ಶಾಪ್‌ಗಳ ಸರಣಿ ಕಟ್ಟಬಹುದಾ?

ಒಂದು ಅಂಗಡಿ ಚೆನ್ನಾಗಿ ಓಡುತ್ತಿದೆ, 20% ರಿಯಾಯಿತಿ ಬೋರ್ಡ್ ಹಾಕಿ ಇನ್ನೂ ನಾಲ್ಕು ತೆರೆಯಲು ಸಾಲ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಸಾಲ ಸಿಗುತ್ತದೆ ಬಿಡಿ. ನನಗೂ ಸಿಕ್ಕಿತ್ತು.

ತುಮಕೂರಿನಲ್ಲಿ ನನ್ನವು ಮೂರು ಮೆಡಿಕಲ್ ಶಾಪ್ ಇದ್ದವು. ಬೋರ್ಡ್ ಹಾಕಿದ್ದೇ ತಡ, ಜನವೋ ಜನ. ಸಂಜೆ ಗಲ್ಲಾ ತುಂಬುತ್ತಿತ್ತು. ಲೆಕ್ಕದಲ್ಲೂ ಲಾಭವೇ. ಡಿಸ್ಟ್ರಿಬ್ಯೂಟರ್‌ಗೆ ಕೊಡಲು ಮಾತ್ರ ದುಡ್ಡು ಇರುತ್ತಿರಲಿಲ್ಲ.

ನಾನು ಕೆಟ್ಟಿದ್ದು ಸ್ಟಾಕ್‌ನಲ್ಲಿ. ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಒಂದು ಅಂಗಡಿಯಲ್ಲಿ ಇಲ್ಲದ ಮಾತ್ರೆಯನ್ನು ಹುಡುಗ ಬೈಕಿನಲ್ಲಿ ಇನ್ನೊಂದರಿಂದ ತರುತ್ತಿದ್ದ. ತಂದ ಕಡೆ ಕಂಪ್ಯೂಟರ್‌ಗೆ ಹತ್ತಿಸುತ್ತಿದ್ದೆವು, ಇಲ್ಲದಿದ್ದರೆ ಬಿಲ್ ಆಗಲ್ಲ. ಕೊಟ್ಟ ಕಡೆ ಕಳೆಯುತ್ತಿರಲಿಲ್ಲ. ಒಂದೇ ಸ್ಟ್ರಿಪ್, ಎರಡು ಅಂಗಡಿಯ ಲೆಕ್ಕದಲ್ಲಿ! ಎಕ್ಸ್‌ಪೈರಿ ಆದ ಮಾಲು ರ‍್ಯಾಕ್ ಕೆಳಗೆ ರಟ್ಟಿನ ಡಬ್ಬದಲ್ಲಿ ಬಿದ್ದಿತ್ತು, ವಾಪಸ್ ಕಳಿಸುವ ಅವಧಿಯೂ ಮುಗಿದಿತ್ತು. ಕಂಪ್ಯೂಟರ್ ಪ್ರಕಾರ ಅದೂ ಆಸ್ತಿ. ವರ್ಷದ ಕೊನೆಗೆ ಉಳಿದ ಸ್ಟಾಕ್ ಜಾಸ್ತಿ ತೋರಿಸಿದಷ್ಟೂ ಮಾರಿದ ಮಾಲಿನ ಖರ್ಚು ಕಡಿಮೆ ಕಾಣುತ್ತದೆ, ಲಾಭ ಜಾಸ್ತಿ ಕಾಣುತ್ತದೆ, ಅಲ್ವಾ? ಮಾರ್ಚ್‌ನಲ್ಲಿ ಕಪಾಟು ಎಣಿಸದೆ ಸುಮ್ನೆ ಪ್ರಿಂಟೌಟ್ ತೆಗೆದು ಆಡಿಟರ್‌ಗೆ ಕೊಟ್ಟೆ. ಅದನ್ನು ನೋಡಿ ಬ್ಯಾಂಕಿನವರು ಸಾಲದ ಮಿತಿ ಏರಿಸಿದರು. ಆ ದುಡ್ಡಲ್ಲೇ ಮೂರನೆಯ ಅಂಗಡಿ ತೆರೆದೆ. ಕೊನೆಗೆ ಮಾರಲು ಹೊರಟಾಗ, ಕೊಳ್ಳಲು ಬಂದವನೇ ಮಾಲು ಎಣಿಸಿ ತೋರಿಸಿದ.

ನಾನು ಸೋಮಾರಿತನದಿಂದ ಮಾಡಿದ್ದನ್ನು ಅಮೆರಿಕದಲ್ಲಿ ಬೇಕಂತಲೇ ಮಾಡಿದವರಿದ್ದಾರೆ. ಫಾರ್-ಮೋರ್ ಅಂತ, ರಿಯಾಯಿತಿ ಮೆಡಿಕಲ್ ಶಾಪ್‌ಗಳ ಸರಣಿ. 1982ರಲ್ಲಿ ಒಹಾಯೊದ ಯಂಗ್ಸ್‌ಟೌನ್‌ನಲ್ಲಿ ಮಿಕಿ ಮೋನಸ್ ಶುರು ಮಾಡಿದ್ದು, ಜೈಂಟ್ ಈಗಲ್ ಸೂಪರ್‌ಮಾರ್ಕೆಟ್‌ನವರ ಬೆಂಬಲದಿಂದ. ಮಾತ್ರೆ, ಸೋಪು, ಕೋಲಾ, ವಿಡಿಯೊ ಕ್ಯಾಸೆಟ್, ಎಲ್ಲ ಅಗ್ಗ. ಹತ್ತೇ ವರ್ಷದಲ್ಲಿ 300 ಅಂಗಡಿ ದಾಟಿತು. ಆ ಬೆಲೆಗೆ ಮಾರಿದರೆ ಗಿಟ್ಟಬೇಕಲ್ಲ? ನಷ್ಟವನ್ನೆಲ್ಲ ಇಲ್ಲದ ಸ್ಟಾಕ್ ಮಾಡಿ ಅಂಗಡಿಗಳ ಲೆಕ್ಕಕ್ಕೆ ಹಂಚಿದರು. ಆಡಿಟರ್‌ಗಳು ಎಣಿಕೆ ನೋಡುತ್ತಿದ್ದದ್ದು ನಾಲ್ಕೇ ಅಂಗಡಿಯಲ್ಲಿ, ಅದೂ ಯಾವ ನಾಲ್ಕು ಅಂತ ಮುಂಚೆಯೇ ಹೇಳಿ. ಮೋನಸ್‌ಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು ಬೇರೆ. ತೀರಾ ಎತ್ತರದವರನ್ನು ಸೇರಿಸದ ಒಂದು ವಿಚಿತ್ರ ಲೀಗ್ ಕಟ್ಟಿದ್ದ, ಕಂಪನಿ ದುಡ್ಡು ಅಲ್ಲಿಗೂ ಹರಿಯಿತು. 1992ರಲ್ಲಿ ಬಯಲಾದ ಮೋಸ ಸುಮಾರು 50 ಕೋಟಿ ಡಾಲರ್. ಕಂಪನಿ ದಿವಾಳಿ ಅರ್ಜಿ ಹಾಕಿತು, ಮೋನಸ್ ಜೈಲಿಗೆ ಹೋದ. ಉಳಿದ ಅಂಗಡಿಗಳೂ 2002ರಲ್ಲಿ ಮುಚ್ಚಿದವು.

ಈಗ ನಿಮ್ಮ 20%. ಸರ್ಕಾರ ಬೆಲೆ ಕಟ್ಟಿದ ಔಷಧಿಯಲ್ಲಿ ಅಂಗಡಿಯವನಿಗೆ ಕೊಂಡ ಬೆಲೆಯ ಮೇಲೆ 16% ಮಾತ್ರ. 100 ರೂಪಾಯಿಗೆ ತಂದದ್ದು 116. ಅದರಲ್ಲಿ 20% ಬಿಟ್ಟರೆ 93 ಕೂಡ ಬರಲ್ಲ. ಜೆನೆರಿಕ್‌ನಲ್ಲಿ, ಅಂದರೆ ದೊಡ್ಡ ಬ್ರ್ಯಾಂಡ್ ಹೆಸರಿಲ್ಲದ ಅದೇ ಔಷಧಿಯಲ್ಲಿ, ಸರಿದೂಗಿಸುತ್ತೇನೆ ಅಂತೀರಿ, ನಾನೂ ಅಂದಿದ್ದೆ. ಚೀಟಿಯಲ್ಲಿ ಬರೆದ ಬ್ರ್ಯಾಂಡೇ ಬೇಕು ಅನ್ನುವವರೇ ಜಾಸ್ತಿ. ನನ್ನ ಕೇಳಿದರೆ ಆ ಬೋರ್ಡೇ ಬೇಡ. ಕೊಡಲೇಬೇಕಿದ್ದರೆ ತಿಂಗಳು ತಿಂಗಳು ಬಿಪಿ, ಶುಗರ್ ಮಾತ್ರೆ ಒಯ್ಯುವವರಿಗೆ, ಗಿಟ್ಟುವ ಮಾಲಿನ ಮೇಲೆ ಅಷ್ಟಿಷ್ಟು ಬಿಡಿ.

ಈ ಭಾನುವಾರ ಶಟರ್ ಅರ್ಧ ಇಳಿಸಿ ಇರುವ ಒಂದು ಅಂಗಡಿಯ ಸ್ಟಾಕ್ ಎಣಿಸಿ. ಕಂಪ್ಯೂಟರ್‌ಗೂ ಕಪಾಟಿಗೂ ಎಷ್ಟು ವ್ಯತ್ಯಾಸ ಬಂತು ಅಂತ ಇಲ್ಲೇ ಬರೆಯಿರಿ. ಸಾಲದ ಮಾತು ಆಮೇಲೆ.