ಓದುಗರ ಪ್ರಶ್ನೆ: ಸಮುದ್ರ ಇಲ್ಲದ ಊರಿಗೂ ಸೈಕ್ಲೋನಾ?

ಪ್ರಶ್ನೆ: ಬಂಗಾಳಕೊಲ್ಲೀಲಿ ಸೈಕ್ಲೋನ್ ಎದ್ದಿದೆ, ಕೊಡಗಿಗೂ ಆರೆಂಜ್ ಅಲರ್ಟ್ ಅಂತ ಟಿವೀಲಿ ಬರ್ತಿದೆ. ಸಮುದ್ರ ಎಲ್ಲೋ ಇದೆ, ನಾವು ಬೆಟ್ಟದ ಮೇಲಿದೀವಿ. ಅರೇಬಿಕಾ ಕಾಫಿ ಅರ್ಧ ಕುಯ್ದು ಒಣಗಿಸೋಕೆ ಕಣಕ್ಕೆ ಹಾಕಿ ಆಗಿದೆ, ಮನೆ ಹಿಂದೆ ಜೆಸಿಬೀಲಿ ಕಡಿಸಿದ ಬರೆ (ಗುಡ್ಡ ಕಡಿದಾಗ ಉಳಿಯೋ ಮಣ್ಣಿನ ಗೋಡೆ) ಬೇರೆ ಇದೆ. ನಿಜವಾಗ್ಲೂ ಹೆದರಬೇಕಾ?
- ಒಬ್ಬ ಓದುಗರು, ಮಾದಾಪುರ

ಉತ್ತರ: ಗಾಳಿಗೆ ಅಷ್ಟು ಹೆದರಬೇಡಿ ಅಕ್ಕ, ಮಳೆಗೆ ಹೆದರಿ. ಸೈಕ್ಲೋನ್‌ಗೆ ಬಿಸಿ ಸಮುದ್ರದ ನೀರೇ ಊಟ, ನೆಲಕ್ಕೆ ಹತ್ತಿದ ಮೇಲೆ ಗಾಳಿ ಸೊರಗುತ್ತೆ, ಆದ್ರೆ ಹೊತ್ತು ತಂದ ಮೋಡ ಎಲ್ಲಾದ್ರೂ ಸುರೀಲೇಬೇಕಲ್ವಾ. 2024ರ ಫೆಂಗಲ್ ನೆನಪಿದೆಯಾ? ನವೆಂಬರ್ 30ಕ್ಕೆ ಪುದುಚೇರಿ ಹತ್ರ ದಡಕ್ಕೆ ಬಂತು, ಆಮೇಲೆ ಸೊರಗಿ ತಮಿಳುನಾಡು ದಾಟಿ ಈ ಕಡೆ ಅರಬ್ಬಿ ಸಮುದ್ರಕ್ಕೆ ಹೋಯ್ತು. ಆ ಎರಡು ಮೂರು ದಿನ ನಮ್ಮ ಕಣದಲ್ಲಿದ್ದ ಕಾಫಿ ನೋಡಿ ನಂಗೆ ಅಳು ಬರೋದೊಂದು ಬಾಕಿ.

ಆರೆಂಜ್ ಅಂದ್ರೆ 24 ಗಂಟೇಲಿ 115.6 ರಿಂದ 204.4 ಮಿಲಿಮೀಟರ್ ತನಕ ಮಳೆ ಬರಬಹುದು ಅಂತ, ಅದರ ಮೇಲೆ ಹೋದ್ರೆ ರೆಡ್. ಆಗಸ್ಟ್ ತಿಂಗಳಲ್ಲಿ ನಮಗೆ ಇದೇನು ದೊಡ್ಡದಲ್ಲ ಅನ್ಸುತ್ತೆ, ಆದ್ರೆ ಡಿಸೆಂಬರ್‌ನಲ್ಲಿ ಕೆಲಸದವರೆಲ್ಲ ತೋಟದಲ್ಲಿ, ಕಾಫಿ ಅಂಗಳದಲ್ಲಿ, ಮೋರಿ ತುಂಬಾ ತರಗೆಲೆ.

ಕಣದ ಕಾಫಿ ಮಳೆ ಹನಿಯೋ ಮೊದ್ಲೇ ರಾಶಿ ಮಾಡಿ ಟಾರ್ಪಾಲ್ ಹೊದಿಸ್ತೀರಿ, ಸರಿ, ಆದ್ರೆ ಅದನ್ನೇ ಎರಡು ದಿನ ಹಂಗೇ ಬಿಟ್ರೆ ಒಳಗೆ ಬೆವೆತು ಬಿಸಿಯಾಗಿ ವಾಸನೆ ಹೊಡೆಯುತ್ತೆ. ಶೆಡ್ಡಲ್ಲೋ ಜಗಲೀಲೋ ತೆಳ್ಳಗೆ ಹರಡಿ ಕೈಯಾಡಿಸ್ತಾ ಇರಿ, ಹಸಿ ಇರೋದನ್ನ ಮೂಟೆ ಕಟ್ಟಬೇಡಿ. ಗಿಡದಲ್ಲಿರೋ ಹಣ್ಣು ಒಂದಿಷ್ಟು ಒಡೆದು ಉದುರುತ್ತೆ, ಅದನ್ನ ಆಮೇಲೆ ಹೆಕ್ಕಿದ್ರಾಯ್ತು. ಗಾಳಿ ಬೀಸೋವಾಗ ಸಿಲ್ವರ್ ಓಕ್ ಮರದ ಕೆಳಗೆ ಆಳು ನಿಲ್ಲಿಸ್ಬೇಡಿ, ಕಾಫಿ ಮುಂದಿನ ವರ್ಷಾನೂ ಬರುತ್ತೆ.

ನಂಗೆ ಚಿಂತೆ ಆಗಿದ್ದು ಬರೆ ವಿಷಯ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಾನೇ ಕೆಳಗಿಳಿದಿದ್ದು ಎಲ್ಲಾ ನೋಡಿದೀವಿ, ಅದು ವಾರಗಟ್ಟಲೆ ನೀರು ಕುಡಿದ ಮಣ್ಣು. ಡಿಸೆಂಬರಲ್ಲಿ ಅಷ್ಟು ನೆನೆದಿರಲ್ಲ ಅನ್ನೋದು ಸಮಾಧಾನ, ಆದ್ರೆ ಕಡಿದ ಬರೆಗೆ ತಿಂಗಳು ಹೆಸರು ಎಲ್ಲ ಗೊತ್ತಿಲ್ಲ, ಒಂದು ರಾತ್ರಿ ಜೋರು ಮಳೆ ಸಾಕು. ಇವತ್ತೇ ಛತ್ರಿ ಹಿಡ್ಕೊಂಡು ಹಿಂದೆ ಹೋಗಿ ನೋಡಿ. ಬರೆ ತಲೆ ಮೇಲೆ ಉದ್ದಕ್ಕೆ ಬಿರುಕಿದೆಯಾ? ಮರ ಕೆಳಗೆ ವಾಲಿದೆಯಾ? ಇಲ್ದಿರೋ ಕಡೆ ನೀರು ಒಸರ್ತಿದೆಯಾ? ತೋಡಿನ ನೀರು ತಟ್ಟನೆ ಕೆಂಪಾದ್ರೆ, ಇಲ್ಲ ಮಳೆ ಬರ್ತಿರೋವಾಗ್ಲೇ ಕಮ್ಮಿ ಆದ್ರೆ, ಬಾಗಿಲು ಸರಿಯಾಗಿ ಮುಚ್ಚದೆ ಕಚ್ಕೊಳ್ತಾ ಇದ್ರೆ, ಮತ್ತೆ ಯೋಚ್ನೆ ಮಾಡ್ಬೇಡಿ, ಹೊರಡಿ. ಬಿರುಕಿಗೆ ಟಾರ್ಪಾಲ್ ಹಾಸಿ ಮಳೆ ನೀರು ಬೇರೆ ಕಡೆ ತಿರುಗಿಸೋ ಕೆಲಸ ಮಳೆ ಶುರುವಾಗೋ ಮೊದ್ಲೇ ಮುಗೀಬೇಕು, ಮಳೇಲಿ ಬರೆ ಕೆಳಗೆ ಗುದ್ದಲಿ ಹಿಡ್ಕೊಂಡು ಹೋಗೋರು ಪ್ರತಿ ವರ್ಷ ಇರ್ತಾರೆ, ನೀವು ಹಂಗೆ ಹೋಗ್ಬೇಡಿ. ಎಲ್ಲಾ ಸರಿ ಇದ್ರೂ ಅಲರ್ಟ್ ಇರೋ ರಾತ್ರಿಗಳಲ್ಲಿ ಹಿಂದಿನ ರೂಮಲ್ಲಿ ಮಲಗ್ಬೇಡಿ.

ಪ್ರಶ್ನೆ: ತೋಟದಲ್ಲಿ ಕರೆಂಟ್ ತಂತಿ ಬಿದ್ರೆ ನಾವೇ ಕೋಲಲ್ಲಿ ಸರಿಸಬಹುದಾ? (ಸುಂಟಿಕೊಪ್ಪ)

ಉತ್ತರ: ಬೇಡವೇ ಬೇಡ, ಹಸಿ ಕೋಲಲ್ಲೂ ಕರೆಂಟ್ ಹರಿಯುತ್ತೆ. ದೂರ ನಿಂತು 1912ಕ್ಕೆ ಫೋನ್ ಮಾಡಿ, ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ) ಮಕ್ಕಳನ್ನ ಆ ಕಡೆ ಬಿಡ್ಬೇಡಿ. ಜನರೇಟರ್ ಇದ್ರೆ ಅದನ್ನ ಮನೆ ಒಳಗೆ ಇಡಬೇಡಿ, ಅದರ ಹೊಗೆ ಜೀವ ತೆಗೆಯುತ್ತೆ.

ಪ್ರಶ್ನೆ: ನಮ್ಮತ್ತೆಗೆ 78, ಬರೆ ಪಕ್ಕದ ಹಳೆ ಮನೇಲೇ ಇರ್ತಾರೆ, ಏನಾದ್ರೂ ಆಗ್ಲಿ, ಮನೆ ಬಿಟ್ಟು ಬರಲ್ಲ ಅಂತಾರೆ. (ಕರಿಕೆ ರಸ್ತೆ, ಭಾಗಮಂಡಲ)

ಉತ್ತರ: ಅಪಾಯ ಅಂತ ಹೇಳಿದ್ರೆ ಬರೋದೇ ಇಲ್ಲ, ನನ್ನ ಅಜ್ಜೀನೂ ಹಂಗೇ. ಮೊಮ್ಮಗಳಿಗೆ ಹುಷಾರಿಲ್ಲ, ಎರಡು ದಿನ ಇದ್ದು ಹೋಗಿ ಅಂತ ಕರ್ಕೊಂಡು ಬಂದ್ವಿ, ಸುಳ್ಳು ಹೇಳಿದ್ದಕ್ಕೆ ಈಗ್ಲೂ ಬೈತಾರೆ. ಬೆಳಕಿರೋವಾಗ್ಲೇ ಕರ್ಕೊಂಡು ಬನ್ನಿ, ರಾತ್ರಿ ಮಳೇಲಿ ಆ ರಸ್ತೆ ಬೇಡ. ದನದ ಹಗ್ಗ ಬಿಚ್ಚಿ ಬಿಟ್ಟು ಬನ್ನಿ, ಬಿಪಿ ಮಾತ್ರೆ, ಡಾಕ್ಟರ್ ಚೀಟಿ, ಆಧಾರ್, ಆಸ್ತಿ ಪತ್ರ ಒಂದು ಪ್ಲಾಸ್ಟಿಕ್ ಕವರಲ್ಲಿ. ಅಡಿಕೆ ಎಲೆ ಡಬ್ಬ ಮರೀಬೇಡಿ, ಇಲ್ಲಾಂದ್ರೆ ಅರ್ಧ ದಾರಿಯಿಂದ ವಾಪಸ್ ಹೊರಟು ನಿಲ್ತಾರೆ.