ಒಂದೇ ಮನೆತನ, ಎರಡು ಅಡ್ಡಹೆಸರು

ಪ್ರಶ್ನೆ: ಮಾಂಟ್ರಿಯಲ್‌ನಲ್ಲಿ ನೆಲೆಸಿರುವ ನಮ್ಮ ಮಗ ಅಲ್ಲಿನ ಫ್ರೆಂಚ್ ಮನೆತನದ ಹುಡುಗಿಯನ್ನು ಮದುವೆಯಾಗಿದ್ದಾನೆ. ಮೊಮ್ಮಗನಿಗಾಗಿ ಎರಡೂ ಕಡೆಯ ವಂಶಾವಳಿ ಬರೆಯಲು ಕುಳಿತಾಗ, ಸೊಸೆಯ ಹಿರಿಯರಲ್ಲಿ ಒಬ್ಬರ ಅಡ್ಡಹೆಸರು ಮಿವಿಲ್ ಎಂದೂ ಅವರ ಒಡಹುಟ್ಟಿದ ಅಣ್ಣನದು ದೆಶೇನ್ ಎಂದೂ ಕಂಡುಬಂತು. ಇವರು ಒಂದೇ ಮನೆಯವರಿರಬಹುದೇ? ಸೊಸೆ ಮದುವೆಯ ನಂತರವೂ ತವರಿನ ಹೆಸರನ್ನೇ ಉಳಿಸಿಕೊಂಡಿರುವುದು ನಮ್ಮ ಹಿರಿಯರಿಗೆ ಬೇಸರ ತಂದಿದೆ. ಏನು ಹೇಳಲಿ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಖಂಡಿತ ಇರಬಹುದು. ಮಾಂಟ್ರಿಯಲ್ ಇರುವ ಕೆನಡಾದ ಕ್ವಿಬೆಕ್ ಪ್ರಾಂತದ ಹಳೆಯ ದಾಖಲೆಗಳಲ್ಲಿ 'ಮಿವಿಲ್ ದಿ ದೆಶೇನ್' ಎಂಬಂಥ ಜೋಡಿ ಹೆಸರುಗಳು ಹೇರಳವಾಗಿವೆ. ಮಿವಿಲ್ ಎಂಬವರನ್ನು ಜನ ದೆಶೇನ್ ಎಂದೂ ಕರೆಯುತ್ತಿದ್ದರು ಎಂದು ಇದರ ಅರ್ಥ. ಫ್ರೆಂಚ್ ಸೈನ್ಯದಲ್ಲಿ ಪ್ರತಿಯೊಬ್ಬ ಸಿಪಾಯಿಗೂ ಒಂದು ಕರೆಹೆಸರು ಕೊಡುವ ರೂಢಿಯಿತ್ತು. 1665ರಲ್ಲಿ ಬಂದಿಳಿದ ಕಾರಿನ್ಯಾಂ-ಸಾಲಿಯೇರ್ ದಳದವರಲ್ಲಿ ನೂರಾರು ಮಂದಿ ಅಲ್ಲೇ ಜಮೀನು ಪಡೆದು ಸಂಸಾರ ಹೂಡಿದಾಗ ಆ ಹೆಸರುಗಳೂ ಅವರೊಂದಿಗೆ ನೆಲೆಯೂರಿದವು. ಒಂದೇ ಮನೆತನದ ಕವಲುಗಳನ್ನು ಗುರುತಿಸಲು, ಊರಿನ ನೆನಪಿಗೆಂದು ಬಂದವೂ ಇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೂಢಿ ಕ್ರಮೇಣ ಮರೆಯಾಗಿ, ಒಬ್ಬೊಬ್ಬರೂ ಒಂದೊಂದು ಹೆಸರನ್ನು ಆರಿಸಿಕೊಂಡಾಗ ಅಣ್ಣ ಒಂದನ್ನು, ತಮ್ಮ ಇನ್ನೊಂದನ್ನು ಉಳಿಸಿಕೊಂಡದ್ದುಂಟು. ಮುಂಬಯಿಗೆ ಬಂದ ನಮ್ಮವರಲ್ಲೂ, ಶಾಲೆಯಲ್ಲಿ ಹೆಸರು ಬರೆಸುವಾಗ ಒಬ್ಬನಿಗೆ ಊರಿನ ಹೆಸರು, ಇನ್ನೊಬ್ಬನಿಗೆ ತಂದೆಯ ಹೆಸರು ಅಡ್ಡಹೆಸರಾಗಿ ಅಂಟಿಕೊಂಡ ಮನೆಗಳನ್ನು ನೀವು ಕಂಡಿರುತ್ತೀರಿ.

ಆದ್ದರಿಂದ ಅಡ್ಡಹೆಸರಿನ ಬೆನ್ನು ಹತ್ತಬೇಡಿ, ಮದುವೆಯ ದಾಖಲೆಯನ್ನು ಹಿಡಿಯಿರಿ. ಚರ್ಚಿನ ವಿವಾಹ ಪುಸ್ತಕದಲ್ಲಿ ಪಾದ್ರಿಗಳು ಸಾಮಾನ್ಯವಾಗಿ ವರನ ತಂದೆತಾಯಿ, ವಧುವಿನ ತಂದೆತಾಯಿ, ಹೀಗೆ ನಾಲ್ವರ ಹೆಸರನ್ನೂ ಬರೆಯುತ್ತಿದ್ದರು. ತಾಯಂದಿರಿಬ್ಬರನ್ನೂ ತವರಿನ ಹೆಸರಿನಿಂದಲೇ. ಒಂದು ಮದುವೆಯ ದಾಖಲೆ ಅದರ ಹಿಂದಿನ ಎರಡು ಮದುವೆಗಳ ಸುಳಿವು ಕೊಡುತ್ತದೆ. ತಂದೆಯ ಹೆಸರು ಮಿವಿಲ್ ಇರಲಿ, ದೆಶೇನ್ ಇರಲಿ, ಎರಡೂ ದಾಖಲೆಗಳಲ್ಲಿ ತಾಯಿಯ ಹೆಸರು ಮತ್ತು ತವರು ಒಂದೇ ಆಗಿದ್ದು, ಊರೂ ಕಾಲವೂ ಹೊಂದಿದರೆ ಅವರು ಅಣ್ಣತಮ್ಮಂದಿರೆಂದು ನಂಬಲು ಬಲವಾದ ಆಧಾರ ಸಿಕ್ಕಂತೆ. ನಿಮ್ಮ ಸೊಸೆ ತನ್ನ ಹೆಸರನ್ನು ಉಳಿಸಿಕೊಂಡದ್ದೂ ಇದೇ ಪರಂಪರೆಗೆ ಸೇರಿದ್ದು. ಅಲ್ಲಿ ಇದು ಕಾನೂನೂ ಹೌದು: 1981ರಿಂದ ಕ್ವಿಬೆಕ್‌ನಲ್ಲಿ ಗಂಡಹೆಂಡಿರಿಬ್ಬರೂ ಮದುವೆಯ ನಂತರ ತಂತಮ್ಮ ಹುಟ್ಟುಹೆಸರಿನಲ್ಲೇ ವ್ಯವಹರಿಸಬೇಕು. ಇದರಲ್ಲಿ ಗಂಡನ ಮನೆಯ ಬಗ್ಗೆ ಅನಾದರವೇನೂ ಇಲ್ಲವೆಂದು ಹಿರಿಯರಿಗೆ ದಯವಿಟ್ಟು ತಿಳಿಸಿ.

ದೀಕ್ಷಾಸ್ನಾನದ ದಾಖಲೆ ಓದುವಾಗ ಎಚ್ಚರ ಬೇಕು. ಗಂಡುಮಗುವಿನ ಹೆಸರಿನ ಮೊದಲಿಗೆ ಜೋಸೆಫ್, ಹೆಣ್ಣುಮಗುವಿಗೆ ಮರೀ ಎಂದು ಸೇರಿಸುವುದು ವಾಡಿಕೆಯಾಗಿದ್ದರಿಂದ ಒಂದೇ ಮನೆಯಲ್ಲಿ ಐವರು ಮರೀಯರು ಕಂಡರೂ ಗಾಬರಿಯಾಗಬೇಡಿ. ಮನೆಯಲ್ಲಿ ಕರೆಯುತ್ತಿದ್ದದ್ದು ಹೆಚ್ಚಾಗಿ ಮಗುವಿಗೆ ಇಟ್ಟ ಹೆಸರುಗಳಲ್ಲಿ ಕೊನೆಯದನ್ನು. ಹಿರಿಯರಲ್ಲಿ ಯಾರಾದರೂ ಅಮೆರಿಕದ ನ್ಯೂ ಇಂಗ್ಲೆಂಡ್ ಗಿರಣಿಗಳಿಗೆ ದುಡಿಯಲು ಹೋಗಿದ್ದರೆ ಅಲ್ಲಿ ಅಡ್ಡಹೆಸರು ಇಂಗ್ಲಿಷಿಗೆ ಅನುವಾದಗೊಂಡು ಲೆಬ್ಲಾಂ 'ವೈಟ್' ಆಗಿರಬಹುದು, ಬುವಾವೇರ್ 'ಗ್ರೀನ್‌ವುಡ್' ಆಗಿರಬಹುದು.

ಕ್ವಿಬೆಕ್‌ನ ಚರ್ಚ್ ದಾಖಲೆಗಳು 1621ರಿಂದ ಆರಂಭವಾಗುತ್ತವೆ. ಮುಂದೆ ಒಂದು ಪ್ರತಿ ಚರ್ಚಿನಲ್ಲಿ, ಇನ್ನೊಂದು ಸರ್ಕಾರದ ಬಳಿ ಇರಬೇಕೆಂಬ ನಿಯಮ ಬಂದದ್ದರಿಂದ, ಒಂದು ಬೆಂಕಿಗೆ ಆಹುತಿಯಾದರೂ ಇನ್ನೊಂದು ಉಳಿಯುವ ಸಾಧ್ಯತೆಯಿತ್ತು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 1966ರಿಂದ ಈ ಹಳೆಯ ದಾಖಲೆಗಳನ್ನು ಕುಟುಂಬವಾರು ಜೋಡಿಸುತ್ತ ಬಂದಿದ್ದಾರೆ. ನೀವು ಸೊಸೆಯ ಅಜ್ಜ-ಅಜ್ಜಿಯರ ಮದುವೆ ಎಲ್ಲಿ, ಯಾವ ವರ್ಷ ಆಯಿತೆಂದು ಮೊದಲು ಕೇಳಿ ಬರೆದುಕೊಳ್ಳಿ. ಅಲ್ಲಿಂದ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಗುವ ವಂಶಾವಳಿಯನ್ನು, ಮೂಲ ಪುಟದ ಚಿತ್ರ ನೋಡುವವರೆಗೆ, ನಿಮ್ಮ ಪುಸ್ತಕಕ್ಕೆ ಸೇರಿಸಬೇಡಿ.